ಎಕ್ಯೂಐ ಹಸಿರಾಗಿದೆ ಸರಿ, ಬೆಂಜೀನ್ ಎಷ್ಟಿದೆ?

ಬೆಂಗಳೂರಿನ ಗಾಳಿ ಬಗ್ಗೆ ಮಾತು ಬಂದ್ರೆ ಸಾಕು, ಯಾರಾದ್ರೂ ಒಬ್ರು ಮೊಬೈಲ್ ತೆಗ್ದು ಎಕ್ಯೂಐ, ಅಂದ್ರೆ ಗಾಳಿ ಗುಣಮಟ್ಟದ ಸೂಚ್ಯಂಕ, ತೋರಿಸಿ ಡೆಲ್ಲಿಗಿಂತ ನಾವೇ ವಾಸಿ ಬಿಡಿ ಅಂತಾರೆ. ಧೂಳಿನ ವಿಷ್ಯದಲ್ಲಿ ಅದು ನಿಜ, ಒಪ್ತೀನಿ. ಆದ್ರೆ ನಮ್ಮ ದೇಶದ ಎಕ್ಯೂಐ ಲೆಕ್ಕಕ್ಕೆ ತಗೊಳ್ಳೋದು 8 ಮಾಲಿನ್ಯಕಾರಕಗಳನ್ನ ಮಾತ್ರ, ಅದ್ರಲ್ಲಿ ಪೆಟ್ರೋಲಲ್ಲಿರೋ, ಬೇಗ ಆವಿಯಾಗೋ ಬೆಂಜೀನ್ ಇಲ್ಲವೇ ಇಲ್ಲ. 2009ರಲ್ಲಿ ಬಂದ ರಾಷ್ಟ್ರೀಯ ಮಾನದಂಡದ 12ರ ಪಟ್ಟಿಯಲ್ಲಿ ಅದಿದೆ, ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರ್ದು ಅಂತ. ರಕ್ತದ ಕ್ಯಾನ್ಸರ್ ತರುತ್ತೆ ಅಂತ ಸಾಬೀತಾಗಿರೋ ವಸ್ತು ಇದು, ದಿನಾ ಜನ ನೋಡೋ ನಂಬರ್‌ನಲ್ಲಿ ಅದರ ಸುಳಿವೇ ಇಲ್ಲ ಅನ್ನೋದು ನಂಗೆ ತುಂಬಾ ಬೇಜಾರಿನ ವಿಷ್ಯ.

ನನ್ನ ಕೆಲ್ಸಾನೇ ಗಾಳಿ ಸ್ಯಾಂಪಲ್ ತೆಗ್ಯೋದು. ವಿಓಸಿ ಅಂತೀವಲ್ಲ, ಬೆಂಜೀನ್, ಟಾಲ್ವೀನ್, ಕ್ಸೈಲೀನ್ ತರದ ಬೇಗ ಆವಿಯಾಗೋ ಸಾವಯವ ವಸ್ತುಗಳು, ಇವನ್ನ ಅಳೆಯೋದು ಧೂಳು ಅಳೆದಷ್ಟು ಸಲೀಸಲ್ಲ. 5 ಮೈಕ್ರೋಗ್ರಾಂ ಅಂದ್ರೆ ನೂರು ಕೋಟಿ ಭಾಗ ಗಾಳಿಲಿ ಹತ್ರತ್ರ ಒಂದೂವರೆ ಭಾಗ ಬೆಂಜೀನ್. ಆನ್‌ಲೈನಲ್ಲಿ ಸಿಗೋ ಅಗ್ಗದ ಮಾನಿಟರ್‌ಗಳು ಟಿವಿಓಸಿ, ಅಂದ್ರೆ ಒಟ್ಟು ವಿಓಸಿ, ಅಂತ ಏನೋ ಒಂದು ನಂಬರ್ ತೋರಿಸ್ತಾವೆ, ಅದರೊಳಗಿನ ಸೆನ್ಸರ್‌ಗೆ ಸ್ಯಾನಿಟೈಸರ್, ಊದುಬತ್ತಿ, ಪೆಟ್ರೋಲು ಎಲ್ಲಾ ಒಂದೇ, ಯಾವುದು ಎಷ್ಟು ಅಂತ ಅದು ಹೇಳಲ್ಲ, ದಯವಿಟ್ಟು ಅದನ್ನ ನೋಡಿ ಬೆಂಜೀನ್ ಜಾಸ್ತಿ ಕಮ್ಮಿ ಅಂತ ತೀರ್ಮಾನ ಮಾಡ್ಬೇಡಿ.

ಸರಿಯಾಗಿ ಅಳೀಬೇಕಂದ್ರೆ ತೋರುಬೆರಳಷ್ಟು ಉದ್ದದ ಸ್ಟೀಲ್ ಟ್ಯೂಬು, ಒಳಗೆ ಆವಿನ ಹಿಡ್ಕೊಳ್ಳೋ ಪುಡಿ, ಹಿಂದೆ ಒಂದು ಪುಟ್ಟ ಪಂಪು. ಮೊನ್ನೆ ಮೈಸೂರು ರಸ್ತೆ ಕಡೆ ಒಂದು ಪೆಟ್ರೋಲ್ ಬಂಕಲ್ಲಿ ಕೆಲ್ಸ ಮಾಡೋ ಹುಡುಗನ ಕಾಲರ್‌ಗೆ ಟ್ಯೂಬ್ ಸಿಕ್ಸಿ, ಪಂಪನ್ನ ಬೆಲ್ಟಿಗೆ ಕಟ್ಟಿದ್ವಿ. "ಅಣ್ಣ, ಇದು ಕ್ಯಾಮೆರಾನಾ?" ಅಂದ. ಅಲ್ಲಪ್ಪ, ನೀನು ಉಸಿರಾಡೋ ಗಾಳಿನೇ ಇದೂ ಎಳ್ಕೊಳ್ಳುತ್ತೆ ಅಂದೆ. ಪಕ್ಕದಲ್ಲೇ ನಿಂತು ನೋಡಿ, ಸ್ಕೂಟರಿಗೆ 3 ಲೀಟರ್ ಹಾಕಿದ್ರೆ ಟ್ಯಾಂಕೊಳಗೆ ತುಂಬ್ಕೊಂಡಿರೋ ಆವಿ ಹೆಚ್ಚುಕಮ್ಮಿ ಅಷ್ಟೇ ಲೀಟರ್ ಹೊರಗೆ ಬರ್ಲೇಬೇಕು, ಬಿಸಿಲಲ್ಲಿ ಟ್ಯಾಂಕಿನ ಬಾಯಿ ಮೇಲೆ ಗಾಳಿ ನಡುಗೋದು ಕಣ್ಣಿಗೇ ಕಾಣುತ್ತೆ, ಅವನ ಮುಖ ಅಲ್ಲೇ ಬಗ್ಗಿರುತ್ತೆ, ಶಿಫ್ಟ್ ಮುಗಿಯೋ ತನಕ. ಬಿಎಸ್-6 ಪೆಟ್ರೋಲಲ್ಲಿ ಬೆಂಜೀನ್ 1 ಪರ್ಸೆಂಟ್ ಮೀರಬಾರ್ದು ಅಂತಿದೆ, ಆದ್ರೆ ಆ ಒಂದು ಪರ್ಸೆಂಟು ದಿನಾ ಮೂಗಿನ ಹತ್ರಾನೇ ಇದ್ರೆ?

ಆಮೇಲೆ ಟ್ಯೂಬಿನ ಎರಡೂ ಕಡೆ ಮುಚ್ಚಳ ಬಿಗಿ ಮಾಡಿ, ತಣ್ಣಗಿಟ್ಟು ಲ್ಯಾಬಿಗೆ ತರ್ತೀವಿ. ಜೊತೆಗೆ ಗಾಳಿ ಎಳೀದೇ ಇರೋ ಒಂದು ಬ್ಲಾಂಕ್ ಟ್ಯೂಬೂ ಅದೇ ಊರೆಲ್ಲಾ ಸುತ್ತಿ ಬರುತ್ತೆ, ಅದ್ರಲ್ಲೂ ಬೆಂಜೀನ್ ಸಿಕ್ರೆ ನಮ್ಮ ಡಬ್ಬಿ, ನಮ್ಮ ವ್ಯಾನಿಂದಲೇ ಬಂದಿದ್ದು ಅಂತ ಗೊತ್ತಾಗ್ಬೇಕಲ್ಲ. ಟ್ಯೂಬನ್ನ ಬಿಸಿ ಮಾಡಿದಾಗ ಹೊರಗೆ ಬಂದ ಆವಿನ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಮೆಷಿನ್ ಒಂದೊಂದಾಗಿ ಬೇರ್ಪಡಿಸಿ ಗ್ರಾಫಲ್ಲಿ ಪೀಕ್ ತೋರಿಸುತ್ತೆ, ಪೀಕ್ ಎತ್ತರ ಇದ್ದಷ್ಟೂ ಆ ವಸ್ತು ಜಾಸ್ತಿ ಅಂತ. ರಸ್ತೆ ಬದಿ ಕಂಬಕ್ಕೆ ಕಟ್ಟಿದ್ದ ಟ್ಯೂಬಿನ ಪೀಕಿಗಿಂತ ಆ ಹುಡುಗನ ಟ್ಯೂಬಿಂದು ಎಷ್ಟೋ ಎತ್ತರ ಇತ್ತು.

ಟಾಲ್ವೀನನ್ನ ಬೆಂಜೀನಿಂದ ಭಾಗಿಸಿ ನೋಡೋದು ನಂಗೆ ತುಂಬಾ ಇಷ್ಟ. ಬರೀ ವಾಹನದ ಹೊಗೆ ಆದ್ರೆ ಅದು ಸಾಮಾನ್ಯವಾಗಿ ಸಣ್ಣ ಸಂಖ್ಯೆ, ಪೇಂಟು ಥಿನ್ನರು ಬಳಸೋ ಜಾಗ ಹತ್ರ ಇದ್ರೆ ಸರ್ರನೆ ಏರುತ್ತೆ, ಪೀಣ್ಯ ಕೈಗಾರಿಕಾ ಪ್ರದೇಶದ ತರದ ಕಡೆ ಇದನ್ನ ನೋಡ್ಲೇಬೇಕು. ಅದೂ ಅಲ್ದೆ ಈ ಆವಿಗಳು, ವಾಹನದ ನೈಟ್ರೋಜನ್ ಆಕ್ಸೈಡು, ಬಿಸಿಲು ಮೂರೂ ಸೇರಿದ್ರೆ ಓಝೋನ್ ಆಗುತ್ತೆ, ನೆಲದ ಹತ್ರ ಅದೂ ಮಾಲಿನ್ಯವೇ.

ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲವು ಸ್ಟೇಷನ್‌ಗಳು ಬೆಂಜೀನ್ ಅಳೀತಾವೆ, ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ವೆಬ್‌ಸೈಟಲ್ಲಿ ಸ್ಟೇಷನ್ ಆರಿಸ್ಕೊಂಡು ನೀವೇ ನೋಡ್ಬಹುದು. ಆದ್ರೆ ಸ್ಟೇಷನ್ ಇರೋದು ಕಾಂಪೌಂಡ್ ಒಳಗೆ, ಬಂಕಿನ ಹುಡುಗನ ಕಾಲರ್ ಹತ್ರ ಅಲ್ಲ. ಅದಕ್ಕೇ ಪಂಪೇ ಬೇಡದ ಪ್ಯಾಸಿವ್ ಟ್ಯೂಬ್‌ಗಳನ್ನ ಬಂಕ್ ಪಕ್ಕದ ಮನೆಗಳಲ್ಲಿ ಎರಡು ವಾರ ತೂಗು ಹಾಕ್ಬೇಕು ಅಂತಿದೀನಿ. ನಿಮ್ಮ ಮನೆ ಬಂಕಿಗೆ ಅಂಟ್ಕೊಂಡಿದ್ದು ಬಾಲ್ಕನಿ ಕೊಡೋಕೆ ಒಪ್ಪಿಗೆ ಇದ್ರೆ ತಿಳ್ಸಿ, ನಾನೇ ಬಂದು ಕಟ್ಟಿ ಹೋಗ್ತೀನಿ.