ಪರಾಶರ ಕೆರೆಗೆ ಹೊರಟ ಕಲಬುರಗಿಯವರಿಗೆ

ಹಿಮಾಚಲದ ಮಂಡಿ ಜಿಲ್ಲೆಯ ಪರಾಶರ ಕೆರೆ 2,730 ಮೀಟರ್ ಎತ್ತರದಲ್ಲಿದೆ. ನಮ್ಮ ಕಲಬುರಗಿ 450 ಮೀಟರ್ ಆಸುಪಾಸು. ಇಲ್ಲಿಂದ ಹೊರಟವರೆಲ್ಲ ಉಸಿರಿನ ಚಿಂತೆ ಮಾಡುತ್ತಾರೆ, ಆದರೆ ಅಲ್ಲಿ ನಮ್ಮವರನ್ನು ಕಾಡುವುದು ಬೆವರು. ಊರಲ್ಲಿ ಬೆವರಿದ ಬನಿಯನ್ ಮೈಮೇಲೇ ಒಣಗುತ್ತದೆ. ಅಲ್ಲಿ ಕಾಡಿನ ಏರು ಮುಗಿದು ಬಯಲು ಹುಲ್ಲುಗಾವಲಿಗೆ ಬಂದ ಕೂಡಲೇ ಗಾಳಿ ಹೊಡೆಯುತ್ತದೆ. ಕುಂತ ಐದು ನಿಮಿಷಕ್ಕೆ ಒದ್ದೆ ಹತ್ತಿಬಟ್ಟೆ ಬೆನ್ನಿಗೆ ಬರ್ಫ ಇಟ್ಟಂತೆ. ಏರುವಾಗ ಪಾಲಿಯೆಸ್ಟರ್ ಟೀ ಶರ್ಟ್ ಒಂದೇ ಸಾಕು. ಸ್ವೆಟರ್, ಒಣ ಅಂಗಿ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಕೆರೆ ಕಂಡ ಮೇಲೆ ಮೊದಲು ಅಂಗಿ ಬದಲಿಸಿ, ಆಮೇಲೆ ಫೋಟೊ.

ಮಂಡಿಯಿಂದ ಬಗ್ಗಿ ಹಳ್ಳಿಗೆ ಬಸ್ಸಿದೆ. ಅಲ್ಲಿಂದ ನಡಿಗೆ ಸುಮಾರು ಏಳು ಕಿಲೋಮೀಟರ್. ಏರಲು ಮೂರರಿಂದ ನಾಲ್ಕು ತಾಸು. ಮಂಡಿಯಿಂದ ಕೆರೆಯ ಹತ್ತಿರದವರೆಗೂ ರಸ್ತೆಯಿದೆ, ಸುಮಾರು 49 ಕಿಲೋಮೀಟರ್. ಮೊಣಕಾಲು ನೋವಿದ್ದವರು ಗಾಡಿಯಲ್ಲೇ ಹೋಗಲಿ, ಅದರಲ್ಲೇನೂ ನಾಚಿಕೆಯಿಲ್ಲ.

ಮೇಲೆ ಗಾಳಿಯ ಒತ್ತಡ ಕಲಬುರಗಿಗಿಂತ ಹೆಚ್ಚುಕಡಿಮೆ ಕಾಲುಭಾಗ ಕಡಿಮೆ. ಅದಕ್ಕೇ ಮಾತಾಡುತ್ತ ನಡೆಯಬೇಕು. ಮಾತು ತುಂಡಾಗತೊಡಗಿದರೆ ಹೆಜ್ಜೆ ಸಣ್ಣದು ಮಾಡಬೇಕು. ಗುಂಪಿನಲ್ಲಿ ಓಡುವ ಹುಡುಗರಿಗೆ “ತಮ್ಮಾ, ನಿಧಾನ ನಡೀ, ಕೆರಿ ಎಲ್ಲಿ ಓಡಿ ಹೋಗಂಗಿಲ್ಲ” ಅಂತ ಹೇಳುವವರು ಒಬ್ಬರು ಹಿಂದಿರಲಿ. ತಲೆನೋವಿನ ಜೊತೆ ವಾಂತಿಯೂ ಬಂದರೆ ಗುಳಿಗೆ ನುಂಗಿ ಏರಬಾರದು, ಕೆಳಗಿಳಿಯಬೇಕು. ಹೊರಡುವ ಮುಂಚೆ ಒಂದು ತಿಂಗಳು ಯಾದಗಿರಿ ಕೋಟೆಯ ಪಾವಟಿಗೆಯನ್ನೋ ಮನೆಯ ಮಾಳಿಗೆಯ ಮೆಟ್ಟಿಲನ್ನೋ ಐದು ಕಿಲೋ ಹೊತ್ತು ಹತ್ತಿ ಇಳಿದಿದ್ದರೆ ತೊಡೆ ಹಿಡಿಯುವುದಿಲ್ಲ.

ತಂಪಿನಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ. ತಲೆಗೆ ಎರಡು ಲೀಟರ್ ನೀರು ಬೇಕೇಬೇಕು. ಅದರಲ್ಲಿ ಒಂದು ಲೀಟರಿಗೆ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಹಾಕಿ. ಚಮಚೆ ಚಹಾದ್ದು, ಮಟ್ಟ ತುಂಬಿದ್ದು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದಿಲ್ಲ, ವಾರವಾದರೂ ಕೆಡುವುದಿಲ್ಲ. ಚೀಲದಲ್ಲಿ ಹಾಗೇ ಇಟ್ಟರೆ ಪುಡಿಯಾಗುತ್ತದೆ, ಅಗಲ ಸ್ಟೀಲ್ ಡಬ್ಬಿ ಬೇಕು. ಆ ಎತ್ತರದಲ್ಲಿ ನೀರು 91 ಡಿಗ್ರಿಗೇ ಕುದಿಯುವುದರಿಂದ ಪಾತೆಲೆಯಲ್ಲಿ ಬೇಯಿಸಿದ ರಾಜ್ಮಾ ಗಟ್ಟಿಯೇ ಉಳಿಯುತ್ತದೆ. ಢಾಬಾದಲ್ಲಿ ಕುಕ್ಕರ್ ಸೀಟಿ ಕೇಳಿದ ಮೇಲೆ ಆರ್ಡರ್ ಮಾಡಿ.

ಕೆರೆ ದೊಡ್ಡದಲ್ಲ. ನಡುವೆ ತೇಲುವ ಹುಲ್ಲಿನ ನಡುಗಡ್ಡೆ, ದಂಡೆಯಲ್ಲಿ ಮೂರಂತಸ್ತಿನ ಮರದ ಗುಡಿ. ಪೂಜೆಯ ನೀರು ಅದು, ಕಾಲಿಡಬೇಡಿ.

ಮಧ್ಯಾಹ್ನದ ಮೇಲೆ ಮೋಡ ಇಳಿಯುವುದು ಅಲ್ಲಿ ಮಾಮೂಲು. ಹುಲ್ಲುಗಾವಲಿನ ತುಂಬ ಕುರಿದಾರಿಗಳಿವೆ, ಮಂಜಿನಲ್ಲಿ ಯಾವುದು ನಮ್ಮ ದಾರಿ ತಿಳಿಯದು. ಎರಡು ಗಂಟೆಗೆ ಇಳಿಯಲೇಬೇಕು. ಇಳಿಜಾರಿನಲ್ಲಿ ಬೆರಳು ಬೂಟಿನ ತುದಿಗೆ ಬಡಿದು ಉಗುರು ಕಪ್ಪಾಗುತ್ತವೆ. ಹಿಂದಿನ ರಾತ್ರಿಯೇ ಉಗುರು ಕತ್ತರಿಸಿ, ಇಳಿಯುವ ಮುಂಚೆ ಹಿಮ್ಮಡಿ ಅಲುಗದಂತೆ ಲೇಸ್ ಬಿಗಿಯಿರಿ. ಬಗ್ಗಿಯಿಂದ ವಾಪಸ್ ಬಸ್ ಎಷ್ಟೊತ್ತಿಗೆ ಅನ್ನುವುದನ್ನು ಮುಂಜಾನೆ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.