ಲೋಟದ ಲೆಕ್ಕ, ಅಂಟಿನ ಕಥೆ
ಕಳೆದ ವಾರ ಬೆಂಗಳೂರಿನ ಪೀಣ್ಯದಲ್ಲಿ ಮೂರು ದಿನ ಲೈಫ್ ಸೈಕಲ್ ಅಸೆಸ್ಮೆಂಟ್ ಟ್ರೈನಿಂಗ್‌ಗೆ ಹೋಗಿದ್ದೆ. ಒಂದು ವಸ್ತು ಗಣಿಯಿಂದ ಹಿಡಿದು ಕಸದ ಗಾಡಿ ಸೇರೋವರೆಗೂ ಪರಿಸರಕ್ಕೆ ಎಷ್ಟು ಹೊರೆ ಅಂತ ಲೆಕ್ಕ ಹಾಕೋದು, ಐಎಸ್ಒ 14040, 14044 ಇದಕ್ಕಿರೋ ಸ್ಟ್ಯಾಂಡರ್ಡು.

ನನಗೆ ತಲೆಯಲ್ಲಿ ಕೂತಿದ್ದು ಫಂಕ್ಷನಲ್ ಯೂನಿಟ್, ಅಂದ್ರೆ ಎರಡು ವಸ್ತು ಹೋಲಿಸೋವಾಗ ಎರಡಕ್ಕೂ ಒಂದೇ ಅಂತ ಇಟ್ಕೊಳ್ಳೋ ಕೆಲಸದ ಅಳತೆ. ಒಂದು ಪೇಪರ್ ಕಪ್ಪನ್ನ ಒಂದು ಸ್ಟೀಲ್ ಲೋಟದ ಜೊತೆ ಹೋಲಿಸೋ ಹಾಗಿಲ್ಲ, ಸಾವಿರ ಸಲ ಕಾಫಿ ಕುಡಿಯೋದು ಅಂತ ಇಟ್ಕೊಂಡ್ರೆ ಈ ಕಡೆ ಸಾವಿರ ಕಪ್ಪು, ಆ ಕಡೆ ಒಂದೇ ಲೋಟ, ಆದ್ರೆ ಲೋಟ ಸಾವಿರ ಸಲ ತೊಳೆಯೋ ನೀರೂ ಸೇರಬೇಕು, ನಮ್ಮೂರಲ್ಲಂತೂ ಆ ನೀರು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಆಗಿ ಬರೋ ಕಾವೇರಿ, ಅದರ ಕರೆಂಟೂ ಲೆಕ್ಕಕ್ಕೆ ಬರುತ್ತೆ!

ಕೊನೇ ದಿನ ಸರ್ಕ್ಯುಲರ್ ಡಿಸೈನ್, ಅಂದ್ರೆ ವಸ್ತುನ ಬಿಚ್ಚಿ ರಿಪೇರಿ ಮಾಡಿ ಮತ್ತೆ ಬಳಸೋ ಹಾಗೆ ಡಿಸೈನ್ ಮಾಡೋದು. ಟೇಬಲ್ ಮೇಲೆ ಹಳೇ ಮಿಕ್ಸಿ, ಒಂದು ಬ್ಲೂಟೂತ್ ಇಯರ್‌ಬಡ್. ಮಿಕ್ಸಿ ನಾಲ್ಕು ಸ್ಕ್ರೂ ಬಿಚ್ಚಿದ್ರೆ ತೆರ್ಕೊಳ್ತು, ಸವೆದಿದ್ದ ಕಾರ್ಬನ್ ಬ್ರಷ್ ಬೆರಳಲ್ಲೇ ಎಳೆದು ತೆಗೆದೆ. ಇಯರ್‌ಬಡ್ ಪೂರ್ತಿ ಅಂಟು, ಬ್ಯಾಟರಿ ತೆಗೆಯೋಕೆ ಹೋಗಿ ಕವಚವೇ ಎರಡು ಹೋಳು. ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ ನಾವೂ ಆಫೀಸಲ್ಲಿ ಅಂಟೇ ಹಾಕೋದು.

ಸೋಮವಾರ ನಮ್ಮ ಚಾರ್ಜರ್ ಡ್ರಾಯಿಂಗ್ ತೆಗೆದು ಸ್ಕ್ರೂಗೆ ಜಾಗ ಹುಡುಕ್ತಾ ಇದೀನಿ.