ಅಪ್ಪ ವಿಲ್ ಬರೆಯಲು ಒಪ್ಪಿದರು

ಕಾಫಿ ಕೊಯ್ಲು ಮುಗಿದ ಕೂಡಲೇ ವಿಲ್ ಬರೆಯಲು ಅಪ್ಪ ಒಪ್ಪಿದ್ದಾರೆ. ನನಗಂತೂ ತುಂಬಾ ಸಮಾಧಾನ.

ನಮ್ಮ ಕೊಡಗಿನಲ್ಲಿ ಎಷ್ಟೋ ಜಮ್ಮಾ ಜಾಗದ, ಅಂದರೆ ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಮೀನಿನ, ಪಹಣಿಯಲ್ಲಿ ತೀರಿಕೊಂಡ ಹಿರಿಯರ ಹೆಸರೇ ಇದೆ. ಜೊತೆಗೆ ಕುಟುಂಬದವರ ಸಾಲು ಸಾಲು ಹೆಸರು. ತೋಟದಲ್ಲಿ ದುಡಿಯುವವರು ಮಾತ್ರ ಒಬ್ಬರು. ಸಾಲಕ್ಕೆ ಅಂತ ಬ್ಯಾಂಕಿಗೆ ಹೋದಾಗ ಇದರ ಬಿಸಿ ತಟ್ಟುತ್ತದೆ.

ಎಫ್‌ಡಿಗೆ ನಾಮಿನಿ ಹಾಕಿದ್ದೇವಲ್ಲ, ಸಾಕು ಅಂತಾರೆ. ಸಾಲದು. ಬ್ಯಾಂಕ್ ನಾಮಿನಿ ಕೈಗೆ ಹಣ ಕೊಡುತ್ತದೆ, ಅಷ್ಟೇ. ಅದು ಸೇರಬೇಕಾದ್ದು ವಿಲ್‌ನಲ್ಲಿ ಬರೆದವರಿಗೆ, ವಿಲ್ ಇಲ್ಲದಿದ್ದರೆ ವಾರಸುದಾರರಿಗೆ. ವಿಲ್‌ಗೆ ಸ್ಟಾಂಪ್ ಪೇಪರ್ ಕೂಡ ಬೇಡ. ಬಿಳಿ ಹಾಳೆ, ಬರೆದವರ ಸಹಿ, ಅದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸೋದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ನನಗೆ ಜಾಸ್ತಿ ಚಿಂತೆ ತಮ್ಮನದು. ಅವನಿಗೆ ಐನೂರರ ನೋಟಿಗೂ ಐವತ್ತರ ನೋಟಿಗೂ ವ್ಯತ್ಯಾಸ ತಿಳಿಯಲ್ಲ. ಯಾರು ಕಾಗದ ಕೊಟ್ಟರೂ ನಗುತ್ತಾ ಹೆಬ್ಬೆಟ್ಟು ಒತ್ತುತ್ತಾನೆ. ಅವನ ಪಾಲನ್ನು 1882ರ ಟ್ರಸ್ಟ್ ಕಾಯ್ದೆ ಪ್ರಕಾರ ಖಾಸಗಿ ಟ್ರಸ್ಟ್‌ನಲ್ಲಿ ಇಡೋಣ, ಅಕ್ಕನೂ ನಾನೂ ಟ್ರಸ್ಟಿ ಆಗಿ ನೋಡಿಕೊಳ್ತೇವೆ ಅಂತ ಅಪ್ಪನಿಗೆ ಹೇಳಿದ್ದೇನೆ. ಸೋಮವಾರ ಮಡಿಕೇರಿಗೆ ಹೋಗಿ ವಕೀಲರನ್ನು ಕಾಣುತ್ತೇವೆ.